ಯಾವ ಹಳೆಯ ನಾಣ್ಯದ ಬೆಲೆ ಏರಬಹುದು?
ಕಾರವಾರದ ಗೆಳೆಯರು ಆಗಾಗ ಕೇಳುವ ಈ ಪ್ರಶ್ನೆಗೆ ಉತ್ತರಿಸುವ ಮೊದಲು ಬೆಳ್ಳಿಯ ಬೆಲೆಯನ್ನೂ ವಿರಳತೆಯ ಬೆಲೆಯನ್ನೂ ಬೇರೆಬೇರೆಯಾಗಿ ನೋಡಬೇಕು. 1938ರ ಬ್ರಿಟಿಷ್ ರೂಪಾಯಿಯಲ್ಲಿ ಶೇ. 91.7ರಷ್ಟು ಬೆಳ್ಳಿಯಿದ್ದು, 1940ರ ನಾಣ್ಯದಲ್ಲಿ ಅದು ಶೇ. 50ಕ್ಕೆ ಇಳಿದಿರುವುದರಿಂದ, ಬೆಳ್ಳಿಯ ದರ ಏರಿದಾಗ ಹಳೆಯದಕ್ಕೇ ಹೆಚ್ಚಿನ ಲಾಭ. 1939ರ ರೂಪಾಯಿ ಮಾತ್ರ ವಿರಳತೆಯಿಂದಲೇ ದುಬಾರಿ. 1938ರ ಕೊನೆಯ ಅಂಕಿಯನ್ನು ತಿದ್ದಿ 9 ಮಾಡಿದ ನಕಲಿಗಳೂ ಇರುವುದರಿಂದ ಆ ಅಂಕಿಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸದೆ ಕೊಳ್ಳಬಾರದು. ಕರಾವಳಿಯ ತೇವಕ್ಕೆ ಕಪ್ಪಾದ ನಾಣ್ಯವನ್ನು ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣಿನಿಂದ ಫಳಫಳ ಹೊಳೆಯುವಂತೆ ತೊಳೆದ ನನ್ನ ಒಂದು ರೂಪಾಯಿಯನ್ನು ಸಂಗ್ರಾಹಕರು ಬರೀ ಬೆಳ್ಳಿಯ ತೂಕಕ್ಕೆ ಕೇಳಿದರು. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಲಕ್ಷ ಕೊಡುವುದಾಗಿ ಹೇಳಿ ಮುಂಗಡ ಶುಲ್ಕ ಕೇಳುವವರಿಗೆ ಹಣ ಕಳುಹಿಸಬೇಡಿ. ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಎಚ್ಚರಿಸಿದೆ.