ಕಣ್ಣಿನ ಔಷಧಿ ಬರೆಯುವ ತರಬೇತಿ: ಮರುಭೇಟಿಯ ರೋಗಿಗಳನ್ನು ಬಿಡಬೇಡಿ

ಬ್ರಿಟನ್ನಿನಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಬರೆಯುವ ಆಪ್ಟೋಮೆಟ್ರಿಸ್ಟ್‌ಗಳಿಗೆ ಸ್ವತಂತ್ರವಾಗಿ ಔಷಧಿ ಬರೆಯುವ ಹಕ್ಕು ಬಂದದ್ದು 2008ರಲ್ಲಿ. ಕಣ್ಣು ಮತ್ತು ಅದರ ಸುತ್ತಲಿನ ಭಾಗದ ಕಾಯಿಲೆಗೆ ಪರವಾನಗಿಯಿರುವ ಯಾವ ಔಷಧಿಯನ್ನಾದರೂ ಬರೆಯಬಹುದು. ನಿಯಂತ್ರಿತ ಮಾದಕ ಔಷಧಿ ಮತ್ತು ಚುಚ್ಚುಮದ್ದು ಮಾತ್ರ ಹೊರಗೆ. ಇದಕ್ಕೆ ಓದಿನ ಜೊತೆ ಮೇಲ್ವಿಚಾರಣೆಯ ಕ್ಲಿನಿಕ್ ತರಬೇತಿ ಕಡ್ಡಾಯ. ಹಳೆಯ ಪದ್ಧತಿಯಲ್ಲಿ ಅದು ತಲಾ 3 ಗಂಟೆಗೆ ಕಡಿಮೆಯಿಲ್ಲದ 24 ಸೆಷನ್. ಈ ವೃತ್ತಿಯ ನಿಯಂತ್ರಣ ಸಂಸ್ಥೆ ಜನರಲ್ ಆಪ್ಟಿಕಲ್ ಕೌನ್ಸಿಲ್ 2022ರಲ್ಲಿ ತಂದ ನಿಯಮದಂತೆ ಸುಮಾರು 90 ಗಂಟೆ. ಹಿಂದೆ ಮೇಲ್ವಿಚಾರಕರು ನೇತ್ರವೈದ್ಯರೇ ಆಗಿರಬೇಕಿತ್ತು, ಈಗ ಔಷಧಿ ಬರೆಯುವ ಹಕ್ಕಿರುವ ಅನುಭವಿ ಆಪ್ಟೋಮೆಟ್ರಿಸ್ಟ್ ಕೂಡ ಆಗಬಹುದು.

90 ಗಂಟೆ ಕೇಳಲು ದೊಡ್ಡದು, ಮುಗಿಯುವುದು ಬೇಗ. ಹೆಚ್ಚಿನವರು ಅದನ್ನು ಕಣ್ಣಿನ ತುರ್ತು ಚಿಕಿತ್ಸೆಯ ಬೆಳಗಿನ ಸರದಿಗಳಲ್ಲೇ ಖರ್ಚು ಮಾಡುತ್ತಾರೆ. ಅಲ್ಲಿ ಹೊಸ ರೋಗಿಗಳು ಧಾರಾಳ, ಆದರೆ ಕೊಟ್ಟ ಔಷಧಿ ಏನು ಮಾಡಿತೆಂದು ಕಾಣಲು ಸಿಗುವುದಿಲ್ಲ. ನಾನು ಸೆಷನ್‌ಗಳನ್ನು ಜೋಡಿಯಾಗಿ ಹಾಕಿಕೊಂಡೆ: ಒಂದು ತುರ್ತು ಕ್ಲಿನಿಕ್, ವಾರ ಬಿಟ್ಟು ಅದೇ ರೋಗಿಗಳು ಮರಳಿ ಬರುವ ಕ್ಲಿನಿಕ್. ಸ್ಟೀರಾಯ್ಡ್ ಶುರು ಮಾಡುವುದು ಯಾರಿಗೂ ಕಷ್ಟವಲ್ಲ. ಇಳಿಸುವುದೂ ನಿಲ್ಲಿಸುವುದೂ ಎರಡನೇ ಭೇಟಿಯಲ್ಲದೆ ಕಲಿಯಲಾಗದು.

ಮುಂಭಾಗದ ಯುವಿಯೈಟಿಸ್ (ಕಣ್ಣಿನೊಳಗೆ ಮುಂಭಾಗದ ಉರಿಯೂತ) ಇದಕ್ಕೆ ಒಳ್ಳೆಯ ಪಾಠ. ಮೊದಲು ಕೋಣೆ ಕತ್ತಲಾಗಲಿ. ಸ್ಲಿಟ್ ಲ್ಯಾಂಪಿನ (ಕಣ್ಣು ನೋಡುವ ಸೂಕ್ಷ್ಮದರ್ಶಕ) ಬೆಳಕನ್ನು 1 ಮಿ.ಮೀ. x 1 ಮಿ.ಮೀ.ಗೆ ಇಳಿಸಿ ಒಳದ್ರವದಲ್ಲಿ ತೇಲುವ ಉರಿಯೂತದ ಜೀವಕೋಶಗಳನ್ನು ಎಣಿಸಬೇಕು: 6ರಿಂದ 15 ಇದ್ದರೆ ತೀವ್ರತೆ 1+, 16ರಿಂದ 25 ಇದ್ದರೆ 2+. ಈ ಎಣಿಕೆ ಫ್ಲೋರೆಸಿನ್ (ಗಾಯವನ್ನು ಹೊಳೆಯಿಸಿ ತೋರಿಸುವ ಬಣ್ಣ) ಹಾಕುವ ಮುಂಚೆ, ಪಾಪೆ ಹಿಗ್ಗಿಸುವ ಮುಂಚೆ ಆಗಬೇಕು. ಹಿಗ್ಗಿಸಿದ ಮೇಲೆ ಉದುರುವ ವರ್ಣಕಣಗಳನ್ನು ಉರಿಯೂತದ ಕೋಶವೆಂದು ಎಣಿಸಿಬಿಡುವ ಅಪಾಯವಿದೆ. ಆಮೇಲೆ ಕಣ್ಣಿನ ಒತ್ತಡ, ಆಮೇಲೆ ಪಾಪೆ ಹಿಗ್ಗಿಸಿ ಎರಡೂ ಕಣ್ಣಿನ ಹಿಂಭಾಗ. ಹಿಂಭಾಗ ನೋಡದೆ 'ಮುಂಭಾಗದ' ಎಂದು ಬರೆಯುವಂತಿಲ್ಲ. ಸಾಮಾನ್ಯ ಆರಂಭ: ಸ್ಟೀರಾಯ್ಡ್ ಹನಿ ಪ್ರೆಡ್ನಿಸೊಲೋನ್ ಅಸಿಟೇಟ್ 1% ಎಚ್ಚರವಿರುವಾಗ ಗಂಟೆಗೊಮ್ಮೆ, ಪಾಪೆ ಹಿಗ್ಗಿಸುವ ಸೈಕ್ಲೋಪೆಂಟೊಲೇಟ್ 1% ದಿನಕ್ಕೆ 3 ಸಲ.

ವಾರದ ನಂತರ ಕೋಶಗಳು ಇಳಿಯದಿದ್ದರೆ ಔಷಧಿ ಬದಲಿಸುವ ಮುನ್ನ ಬಾಟಲಿ ಅಲ್ಲಾಡಿಸಿದ್ದಾರೆಯೇ ಕೇಳಿ. ಪ್ರೆಡ್ನಿಸೊಲೋನ್ ಹನಿ ಸಸ್ಪೆನ್ಷನ್, ಅಂದರೆ ದ್ರವದಲ್ಲಿ ತೇಲುವ ಪುಡಿ. ಔಷಧಿ ತಳಕ್ಕಿಳಿದಿದ್ದರೆ ಕಣ್ಣಿಗೆ ಬೀಳುವುದು ಬರೀ ನೀರು ಎನ್ನಬಹುದು. ಬಾಟಲಿ ಖಾಲಿಯಾಗಿತ್ತೇ ಎಂಬುದೂ ಮುಖ್ಯ. ದಿನಕ್ಕೆ 16 ಹನಿಯಂತೆ ವಾರಕ್ಕೆ 112 ಹನಿ. 5 ಮಿ.ಲೀ. ಬಾಟಲಿಯಲ್ಲಿ ಇರುವುದು ಸುಮಾರು 100ರಿಂದ 150, ಅದರಲ್ಲೂ ಕೆನ್ನೆಗೆ ಬಿದ್ದದ್ದು ಬೇರೆ. ಒಂದೇ ಬಾಟಲಿ ಬರೆದರೆ ಮರುಭೇಟಿಗೆ ಮೊದಲೇ ಚಿಕಿತ್ಸೆ ನಿಂತಿರಬಹುದು. ಒತ್ತಡದ ವಿಷಯದಲ್ಲೂ ಮೋಸ ಹೋಗಬಾರದು: ಉರಿಯೂತವೇ ಮೊದಲು ಒತ್ತಡವನ್ನು ತಗ್ಗಿಸುವುದುಂಟು, ಸ್ಟೀರಾಯ್ಡ್‌ನಿಂದ ಅದು ಏರುವುದು ಸಾಮಾನ್ಯವಾಗಿ ಕೆಲವು ವಾರಗಳ ನಂತರ. ಮೊದಲ ವಾರದ ಒಳ್ಳೆಯ ಅಂಕಿ ಯಾವ ಭರವಸೆಯೂ ಅಲ್ಲ.

ಮೇಲ್ವಿಚಾರಕರ ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಾ ಗಂಟೆ ಕಳೆಯುವುದು ಬಹಳ ಸುಲಭ. ಅದನ್ನು ತಪ್ಪಿಸಲು, ಅವರು ರೋಗಿಯನ್ನು ನೋಡುವ ಮುನ್ನವೇ ನಾನು ಕಾಗದದಲ್ಲಿ ಐದು ಸಂಗತಿ ಬರೆದಿಡುತ್ತಿದ್ದೆ: ರೋಗನಿರ್ಣಯ, ಔಷಧಿ ಮತ್ತು ಅದರ ಶೇಕಡಾ ಪ್ರಮಾಣ, ಎಷ್ಟು ಸಲ ಎಷ್ಟು ದಿನ, ಮರುಭೇಟಿಯ ದಿನ, ಏನಾದರೆ ನಿಲ್ಲಿಸಬೇಕು. ಬಾಯಲ್ಲಿ ಹೇಳಿದ್ದನ್ನು ಅವರ ಮುಖ ನೋಡಿ ತಿದ್ದಿಕೊಳ್ಳಬಹುದು, ಬರೆದದ್ದನ್ನಲ್ಲ. ನಮ್ಮ ಉತ್ತರಗಳು ಬೇರೆಯಾಗುತ್ತಿದ್ದದ್ದು ಹೆಚ್ಚಾಗಿ ಕೊನೆಯ ಎರಡರಲ್ಲಿ.

ಕೆಂಪು ಕಣ್ಣಿಗೆ ಫ್ಲೋರೆಸಿನ್ ಹಾಕಿ ನೋಡದೆ ಸ್ಟೀರಾಯ್ಡ್ ಬೇಡ. ಕವಲೊಡೆದ ಹುಣ್ಣು ಹೊಳೆದರೆ ಹರ್ಪಿಸ್. ಸ್ಟೀರಾಯ್ಡ್ ಅದನ್ನು ಹರಡಿಸುತ್ತದೆ. ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಸ್ಪರ್ಶಜ್ಞಾನದ ಪರೀಕ್ಷೆ, ಮರಗಟ್ಟಿಸುವ ಹನಿ ಹಾಕುವ ಮೊದಲೇ ಆಗಬೇಕು. ಹರ್ಪಿಸ್‌ಗೆ ವೈರಸ್ ವಿರುದ್ಧದ ಗ್ಯಾನ್‌ಸಿಕ್ಲೋವಿರ್ 0.15% ಜೆಲ್ ಹುಣ್ಣು ಮಾಯುವವರೆಗೆ ದಿನಕ್ಕೆ 5 ಸಲ, ಮಾಯ್ದ ಮೇಲೆ 7 ದಿನ 3 ಸಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ನೋವಿನ ಬಿಳಿ ಚುಕ್ಕೆ ಕಂಡರೆ ಅದೇ ದಿನ ಆಸ್ಪತ್ರೆಗೆ. ಒಂದೆರಡು ಹನಿ ಆ್ಯಂಟಿಬಯಾಟಿಕ್ ಹಾಕಿ ಕಳಿಸಿದರೂ, ಆಮೇಲೆ ಕೆರೆದು ತೆಗೆದ ಮಾದರಿಯಲ್ಲಿ ಸೂಕ್ಷ್ಮಾಣು ಬೆಳೆಯದೆ ಹೋಗಬಹುದು.

ರೋಗಿಯ ಆರೋಗ್ಯದ ಇತಿಹಾಸ ಕೇಳುವುದರಲ್ಲೂ ಮಾತಿನ ಆಯ್ಕೆ ಲೆಕ್ಕಕ್ಕೆ ಬರುತ್ತದೆ. ಕಣ್ಣಿನ ಒತ್ತಡ ಇಳಿಸುವ ಟಿಮೊಲಾಲ್ ಹನಿ ಬರೆಯುವ ಮುನ್ನ 'ಆಸ್ತಮಾ ಇದೆಯೇ' ಅಂದರೆ ಇಲ್ಲ ಅನ್ನುವವರ ಜೇಬಿನಲ್ಲೇ ಇನ್ಹೇಲರ್ ಇರುತ್ತದೆ, ಇನ್ಹೇಲರನ್ನೇ ಕೇಳಿ. ನಾಡಿಬಡಿತ ನಿಧಾನವೇ, ಹೃದಯದ ಮಾತ್ರೆ ವೆರಾಪಮಿಲ್ ನುಂಗುತ್ತಾರೆಯೇ ಎಂಬುದನ್ನೂ ಕೇಳಿ. ಅಸಿಟಜೋಲಮೈಡ್‌ಗೆ (ಒತ್ತಡ ಇಳಿಸುವ ಇನ್ನೊಂದು ಔಷಧಿ) ಮೂತ್ರಪಿಂಡದ ತೊಂದರೆ ಮತ್ತು ಸಲ್ಫಾ ಅಲರ್ಜಿ ಕೇಳಿ. ಆ್ಯಂಟಿಬಯಾಟಿಕ್ ಮಾತ್ರೆ ಡಾಕ್ಸಿಸೈಕ್ಲಿನ್‌ಗೆ ಗರ್ಭ, ಹಾಲೂಡಿಕೆ, 12 ವರ್ಷದೊಳಗಿನ ವಯಸ್ಸು. ಅದನ್ನು ನುಂಗುವಾಗ ಒಂದು ಲೋಟ ನೀರು ಕುಡಿದು ಮಲಗದೆ ಕೂತಿರಬೇಕು, ಇಲ್ಲವಾದರೆ ಅನ್ನನಾಳ ಸುಡುತ್ತದೆ.

ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಕ್ಲಿನಿಕ್ ಕೆಲವು ಸಾಕು. ಅಲ್ಲಿನ ಔಷಧಿಗಳು ಪುಸ್ತಕದಿಂದಲೇ ಸಾಕಷ್ಟು ಅರ್ಥವಾಗುತ್ತವೆ.

ಲಾಗ್‌ಬುಕ್ಕಿನಲ್ಲಿ ರೋಗಿಯ ಗುರುತು ಬೇಡ, ಮೇಲ್ವಿಚಾರಕರ ಸಹಿ ಆಯಾ ದಿನವೇ ಆಗಲಿ. ತಿಂಗಳ ಕೊನೆಗೆ ಒಟ್ಟಿಗೆ ಸಹಿ ಕೇಳಿದರೆ ಯಾವ ಪ್ರಕರಣದಲ್ಲಿ ಏನು ಚರ್ಚೆಯಾಯಿತೆಂದು ಇಬ್ಬರಿಗೂ ನೆನಪಿರದು. ಔಷಧಿ ಕೊಡದೆ ಕಳಿಸಿದ ಪ್ರಕರಣಗಳನ್ನೂ ಕಾರಣಸಮೇತ ಬರೆಯಿರಿ. ವೈರಸ್‌ನಿಂದ ಬಂದ ಕಣ್ಣುಬೇನೆಗೆ ಆ್ಯಂಟಿಬಯಾಟಿಕ್ ಏಕೆ ಬರೆಯಲಿಲ್ಲ ಎಂಬ ನಾಲ್ಕು ಸಾಲು, ಬರೆದ ಹತ್ತು ಚೀಟಿಗಳಿಗಿಂತ ನಿಮ್ಮ ತೀರ್ಮಾನಶಕ್ತಿಯನ್ನು ಚೆನ್ನಾಗಿ ತೋರಿಸುತ್ತದೆ.

ಚೀಟಿ ಬರೆಯುವ ಅಭ್ಯಾಸವನ್ನು ಮೊದಲ ವಾರದಿಂದಲೇ ಸಹಿಯಿಲ್ಲದ ಕಾಗದದಲ್ಲಿ ಮಾಡಿ. ಅಳಿಸಲಾಗದ ಶಾಯಿ, ಹೆಸರು, ವಿಳಾಸ, ದಿನಾಂಕ, 12 ವರ್ಷದೊಳಗಿನವರಿಗೆ ವಯಸ್ಸು, ಬಲಗಣ್ಣೋ ಎಡಗಣ್ಣೋ ಪೂರ್ತಿ ಅಕ್ಷರದಲ್ಲಿ. ನಿಜವಾದ ಸಹಿ ಹಾಕಲು ಪರೀಕ್ಷೆ ಪಾಸಾದರೆ ಸಾಲದು. ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಈ ವಿಶೇಷ ಅರ್ಹತೆ ನಮೂದಾಗುವವರೆಗೆ ಪೆನ್ನು ಮೇಲ್ವಿಚಾರಕರ ಕೈಯಲ್ಲೇ ಇರಬೇಕು.