ಹ್ಯಾಮಕ್‌ನಲ್ಲಿ ಚಳಿ ಬರುವುದು ಬೆನ್ನಡಿಯಿಂದ

ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ, ಅಂದರೆ ಹ್ಯಾಮಕ್‌ನಲ್ಲಿ ಮಲಗಿ ನಡುಗುವವರದು ಹೆಚ್ಚುಕಡಿಮೆ ಒಂದೇ ಕಥೆ. ಮೈಮೇಲೆ ಎರಡು ಕಂಬಳಿ, ತಲೆಗೆ ಉಣ್ಣೆಯ ಟೋಪಿ, ಕಾಲಿಗೆ ಎರಡೆರಡು ಕಾಲುಚೀಲ. ಬೆನ್ನ ಕೆಳಗೆ ಮಾತ್ರ ಒಂದು ಪದರ ನೈಲಾನ್. ನಡುರಾತ್ರಿ ಹಲ್ಲು ಕಟಕಟ ಎನ್ನುವಾಗ ಎದ್ದು ಮೂರನೇ ಕಂಬಳಿ ಹುಡುಕುತ್ತಾರೆ. ಅದನ್ನೂ ಮೇಲೆಯೇ ಹೊದೆಯುತ್ತಾರೆ.

ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಅಂತೀರಾ? ಅದು ಬೆಚ್ಚಗಿರುವುದೇ ತುಂಬಿದ ಪುಕ್ಕ ಅಥವಾ ನಾರಿನ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಮೇಲೆ ನೀವು ಮಲಗಿದರೆ ಅಡಿಭಾಗ ಅಪ್ಪಚ್ಚಿಯಾಗಿ ಆ ಗಾಳಿಯೆಲ್ಲ ಹೊರಗೆ. ನೆಲದ ಮೇಲಾದರೆ ಕೆಳಗಿನಿಂದ ಗಾಳಿ ಬೀಸುವುದಿಲ್ಲ. ಇಲ್ಲಿ ರಾತ್ರಿಯಿಡೀ ಬೆನ್ನಡಿಯಲ್ಲಿ ಗಾಳಿಯ ಓಡಾಟ.

ಮೊದಲು ಜಾಗ. ತಣ್ಣನೆಯ ಗಾಳಿ ಭಾರ, ರಾತ್ರಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಹಾಗಾಗಿ ಕಣಿವೆಯ ತಳ ಬೇಡ, ನೀರಿನ ದಂಡೆ ಬೇಡ, ಗಾಳಿ ಬಡಿಯುವ ನೆತ್ತಿಯೂ ಬೇಡ.

ಎರಡನೆಯದು ಕಟ್ಟುವುದು. ಹಗ್ಗ ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ, ಮಲಗುವಾಗ ಮೂಲೆಯಿಂದ ಮೂಲೆಗೆ ಮಲಗಿ. ಬಿಗಿಯಾಗಿ ಎಳೆದು ಕಟ್ಟಿದರೆ ಬಟ್ಟೆ ಎರಡೂ ಕಡೆಯಿಂದ ಭುಜವನ್ನು ಅಮುಕುತ್ತದೆ.

ಈಗ ಮುಖ್ಯವಾದ ಕೆಲಸ: ತಳ. ಖರ್ಚು ಕಡಿಮೆ ಇರಬೇಕೆಂದರೆ ಫೋಮ್ ಚಾಪೆ. ಆದರೆ 50 ಸೆಂಟಿಮೀಟರ್ ಅಗಲದ ಚಾಪೆ ಬೆನ್ನನ್ನಷ್ಟೇ ಕಾಯುತ್ತದೆ, ಭುಜ ಹೊರಗೇ ಉಳಿದು ತಣ್ಣಗಾಗುತ್ತದೆ. ಭುಜ ಬರುವಲ್ಲಿ ಇನ್ನೊಂದು ತುಂಡನ್ನು ಅಡ್ಡಲಾಗಿ ಹಾಕಿ. ಚಾಪೆ ಜಾರುತ್ತದೆ ಎಂದು ಗೊಣಗುವವರು ಅದನ್ನು ಸ್ಲೀಪಿಂಗ್ ಬ್ಯಾಗಿನ ಒಳಗೇ ತೂರಿಸಲಿ; ಹೊರಳಿದರೆ ಜೊತೆಗೇ ಹೊರಳುತ್ತದೆ. ಗಾಳಿ ತುಂಬುವ ಹಾಸಿಗೆ ಮಾತ್ರ ನನಗೆ ಆಗದು. ದೋಣಿಯ ಮೇಲೆ ಮಲಗಿದ ಹಾಗೆ, ರಾತ್ರಿಯೆಲ್ಲ ಅದರೊಡನೆ ಕುಸ್ತಿ.

ನನ್ನ ಓಟು ಅಂಡರ್‌ಕ್ವಿಲ್ಟಿಗೆ. ಇದು ಹ್ಯಾಮಕ್‌ನ ಹೊರಗೆ, ಕೆಳಭಾಗದಲ್ಲಿ ಎಲಾಸ್ಟಿಕ್ ದಾರದಿಂದ ತೂಗುವ ರಜಾಯಿ. ನಿಮ್ಮ ಭಾರ ಅದರ ಮೇಲೆ ಬೀಳದ ಕಾರಣ ಉಬ್ಬು ಉಬ್ಬಾಗಿಯೇ ಉಳಿಯುತ್ತದೆ. ಒಳ್ಳೆಯದನ್ನೇ ಕೊಂಡು ತಪ್ಪಾಗಿ ಕಟ್ಟಿ, ಇದು ಕೆಲಸಕ್ಕೆ ಬಾರದು ಎಂದು ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ಎರಡು ಬಗೆ. ಒಬ್ಬರು ಸಡಿಲ ಬಿಡುತ್ತಾರೆ: ಬೆನ್ನಿಗೂ ರಜಾಯಿಗೂ ನಡುವೆ ಗೇಣುದ್ದ ಸಂದು, ಮಗ್ಗುಲು ಬದಲಿಸಿದಾಗಲೆಲ್ಲ ಅದು ತಿದಿಯಂತೆ ತಣ್ಣನೆ ಗಾಳಿ ಎಳೆದುಕೊಳ್ಳುತ್ತದೆ. ಇನ್ನೊಬ್ಬರು ಅದಕ್ಕೆ ಹೆದರಿ ಬಿಗಿಯುತ್ತಾರೆ, ರಜಾಯಿ ಮತ್ತೆ ಅಪ್ಪಚ್ಚಿ.

ಸರಿಯಾದ ಅಳತೆ ಸಿಗುವುದು ಮಲಗಿದ ಮೇಲೆಯೇ. ಬೆಳಕಿರುವಾಗಲೇ ರಜಾಯಿ ತೂಗುಹಾಕಿ, ರಾತ್ರಿ ಮಲಗುವಂತೆಯೇ ಓರೆಯಾಗಿ ಮಲಗಿ, ಕೈಯನ್ನು ಅಂಚಿನಿಂದ ಹೊರಚಾಚಿ ಹ್ಯಾಮಕ್‌ಗೂ ರಜಾಯಿಗೂ ನಡುವೆ ತೂರಿಸಿ. ಸೊಂಟದ ಬಳಿ ಅಂಗೈ ಆರಾಮವಾಗಿ ಜಾರಬೇಕು, ಎರಡೂ ಬದಿ ಬಟ್ಟೆ ತಾಗುತ್ತಿರಬೇಕು. ಅಂಗೈ ಟೊಳ್ಳಿನಲ್ಲಿ ಆಡಿದರೆ ದಾರ ಬಿಗಿ ಮಾಡಿ, ಸಿಕ್ಕಿಬಿದ್ದರೆ ಸಡಿಲಿಸಿ, ಅದೂ ಒಂದೆರಡು ಬೆರಳಿನಷ್ಟು ಮಾತ್ರ. ಆಮೇಲೆ ತಲೆ ಮತ್ತು ಕಾಲಿನ ಕಡೆಯ ಬಾಯಿದಾರ ಎಳೆಯಿರಿ. ಗಾಳಿ ನುಗ್ಗದಷ್ಟು ಮುಚ್ಚಿದರೆ ಸಾಕು. ಜೋರಾಗಿ ಜಗ್ಗಿದರೆ ಅಂಚು ಸೇತುವೆಯಂತೆ ಸೆಟೆದು ರಜಾಯಿಯನ್ನು ಬೆನ್ನಿನಿಂದ ದೂರ ತಳ್ಳುತ್ತದೆ. ಹತ್ತು ಹದಿನೈದು ನಿಮಿಷ ಮಲಗಿ ಇನ್ನೊಮ್ಮೆ ಕೈ ಹಾಕಿ ನೋಡಿ, ಏಕೆಂದರೆ ನೈಲಾನ್ ಭಾರಕ್ಕೆ ಹಿಗ್ಗುತ್ತದೆ. ಮುಕ್ಕಾಲು ಉದ್ದದ ಅಂಡರ್‌ಕ್ವಿಲ್ಟ್ ಆದರೆ ಪಾದದ ಕೆಳಗೆ ಫೋಮಿನ ತುಂಡೊಂದು ಬೇಕೇ ಬೇಕು.

ಹೊಳೆಯುವ ಫಾಯಿಲ್ ಹೊದಿಕೆ ಕೆಳಗೆ ಕಟ್ಟಿದರೆ ಸಾಕು ಎನ್ನುವವರಿದ್ದಾರೆ. ಗಾಳಿ ತಡೆಯುತ್ತದೆ, ನಿಜ. ಆದರೆ ಮೈಯ ತೇವ ಹೊರಹೋಗದೆ ಅಲ್ಲೇ ಹನಿಗಟ್ಟುತ್ತದೆ, ಸಾಲದ್ದಕ್ಕೆ ರಾತ್ರಿಯಿಡೀ ಚರಚರ ಸದ್ದು. ಪುಕ್ಕ ಒದ್ದೆಯಾದರೆ ಉಬ್ಬೂ ಹೋಯಿತು, ಬಿಸಿಯೂ ಹೋಯಿತು. ತುರ್ತಿಗೆ ಚೀಲದಲ್ಲಿರಲಿ.

ಮೇಲಿನ ಹೊದಿಕೆ ಸುಲಭ: ಸ್ಲೀಪಿಂಗ್ ಬ್ಯಾಗಿನ ಜಿಪ್ ಬಿಚ್ಚಿ, ಪಾದ ಮಾತ್ರ ಒಳಗಿಟ್ಟು ರಜಾಯಿಯಂತೆ ಹೊದೆಯಿರಿ. ಮೂಗನ್ನು ಒಳಗೆ ಹುದುಗಿಸಬೇಡಿ, ಉಸಿರಿನ ತೇವಕ್ಕೆ ಹೊದಿಕೆ ನೆನೆಯುತ್ತದೆ. ಟಾರ್ಪಾಲನ್ನು ಗಾಳಿ ಬರುವ ಬದಿಗೆ ಆದಷ್ಟು ಕೆಳಕ್ಕೆ ಇಳಿಸಿ. ಅದರಡಿ ಒಲೆ ಹಚ್ಚಿ ಮೈ ಕಾಯಿಸುವ ಜಾಣತನ ಮಾತ್ರ ಬೇಡ: ನೈಲಾನ್ ಕರಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ.

ಬಿಸಿನೀರಿನ ಬಾಟಲಿ ನನ್ನ ಅಚ್ಚುಮೆಚ್ಚು. ಕಾಲುಚೀಲದಲ್ಲಿ ತೂರಿಸಿ ತೊಡೆಗಳ ನಡುವೆ ಇಟ್ಟುಕೊಂಡರೆ ಅಲ್ಲಿನ ದೊಡ್ಡ ರಕ್ತನಾಳಗಳು ಬಿಸಿಯನ್ನು ಮೈಗೆಲ್ಲ ಹಂಚುತ್ತವೆ. ಒಳಗೆ ಒಯ್ಯುವ ಮುನ್ನ ಒಂದು ನಿಮಿಷ ತಲೆಕೆಳಗಾಗಿ ಹಿಡಿದು ನೋಡಿ. ಈ ಒಂದು ನಿಮಿಷ ಉಳಿಸಲು ಹೋಗಿ ಒಮ್ಮೆ ಒದ್ದೆ ಚಡ್ಡಿಯಲ್ಲಿ ಬೆಳಗು ಮಾಡಿದ್ದೇನೆ.

ನಡುರಾತ್ರಿ ಮೂತ್ರಕ್ಕೆ ಅವಸರವಾದರೆ ಬೆಳಗಿನವರೆಗೆ ತಡೆಯುವ ಹಟ ಬೇಡ, ಎದ್ದು ಹೋಗಿ ಬನ್ನಿ. ಮರಳಿ ಹತ್ತಿದ ಮೇಲೆ ಮತ್ತೆ ಕೆಳಗೆ ಕೈಯಾಡಿಸಿ: ಇಳಿದು ಹತ್ತುವಾಗ ಅಂಡರ್‌ಕ್ವಿಲ್ಟ್ ಪಕ್ಕಕ್ಕೆ ಜಾರಿರಬಹುದು.