ಕಡಿಯುವ ಮೊದಲು ಕಬ್ಬಿನ ಸಿಹಿ ಅಳೆಯುವುದು ಹೇಗೆ?

ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವ ದಿನವನ್ನು ಎಷ್ಟೋ ಸಲ ಕಟಾವಿಗೆ ಬರುವ ಕೂಲಿ ಗ್ಯಾಂಗ್‌ನವರೇ ಗೊತ್ತು ಮಾಡುತ್ತಾರೆ. ಆದರೆ ಬೆಳೆ ಮಾಗಿದೆಯೋ ಇಲ್ಲವೋ ಹೊಲದವರಿಗೇ ಗೊತ್ತಿರಬೇಕು, ಅಲ್ವಾ? ಅದಕ್ಕೆ ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರ್ ಸಾಕು. ರಸದ ಸಿಹಿಯನ್ನು ಬ್ರಿಕ್ಸ್ ಎಂಬ ಅಂಕಿಯಲ್ಲಿ ತೋರಿಸುವ ಸಾಧನ ಇದು.

ಕೆಲಸ ಶುರುವಾಗುವುದು ನೀರಿನಿಂದ. ಎರೆ ಭೂಮಿಯಲ್ಲಿ ಕಟಾವಿಗೆ ಮೂರು-ನಾಲ್ಕು ವಾರ ಮೊದಲೇ ನೀರು ನಿಲ್ಲಿಸಿ. ಇದು ಸುಮ್ನೆ ಹಿರಿಯರ ರೂಢಿಯಲ್ಲ. ನೀರು ಕಡಿಮೆಯಾದಾಗ ಮೊದಲು ಕುಂಠಿತವಾಗುವುದು ಬೆಳವಣಿಗೆ. ಎಲೆ ಸಕ್ಕರೆ ಮಾಡುವುದನ್ನು ಅಷ್ಟು ಬೇಗ ಬಿಡುವುದಿಲ್ಲ. ಹೊಸ ಗಣ್ಣಿಗೆ ಖರ್ಚಾಗದ ಸಕ್ಕರೆ ಗಳದಲ್ಲಿ ಕೂಡುತ್ತದೆ.

ಗಿಡಕ್ಕೆ ಈ ಲೆಕ್ಕ ಹೇಗೆ ತಿಳಿಯುತ್ತದೆ ಎನ್ನುವುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಸಸ್ಯಗಳಲ್ಲಿ ಹೆಕ್ಸೊಕೈನೇಸ್ ಎಂಬ ಕಿಣ್ವಗಳ ಕುಟುಂಬವಿದೆ. ಭತ್ತದಲ್ಲಿ ಇದರ 10 ಜೀನ್‌ಗಳಿವೆ. ಗ್ಲೂಕೋಸನ್ನು ಬಳಕೆಗೆ ಸಿದ್ಧ ಮಾಡುವುದು ಇವುಗಳ ಕೆಲಸ. ಇವುಗಳಲ್ಲಿ ಕೆಲವು ಸಕ್ಕರೆ ಎಷ್ಟಿದೆ ಎಂದೂ ಗುರುತಿಸುತ್ತವೆ. ಜಾಸ್ತಿಯಾದರೆ ಎಲೆ ಆಹಾರ ತಯಾರಿಸುವ ಜೀನ್‌ಗಳನ್ನು ತಗ್ಗಿಸುತ್ತವೆ. ಸಕ್ಕರೆ ತೀರ ಇಳಿದರೆ ಎಸ್‌ಎನ್‌ಆರ್‌ಕೆ1 ಎಂಬ ಇನ್ನೊಂದು ಪ್ರೋಟೀನ್ ಕೆಲಸಕ್ಕಿಳಿಯುತ್ತದೆ. ಬೆಳವಣಿಗೆಗೆ ತಡೆ ಹಾಕಿ, ಕೂಡಿಟ್ಟದ್ದನ್ನು ತೆಗೆದು ಬದುಕಲು ಗಿಡವನ್ನು ಸಜ್ಜು ಮಾಡುತ್ತದೆ. ಆದ್ದರಿಂದ ನೀರು ನಿಲ್ಲಿಸಿದರೂ, ಸೋಗೆ ಪೂರ್ತಿ ಒಣಗಿ ಹೋಗುವಷ್ಟು ನಿಲ್ಲಿಸಬೇಡಿ.

ಈಗ ಅಳತೆ. ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿ. ಬದುವಿನ ಅಂಚಿನ ಕಬ್ಬು ಬೇಡ, ಹೊಲದ ಒಳಗಿಂದ ಎಂಟು-ಹತ್ತು ಗಳ ಆರಿಸಿ. ಮೀಟರಿನ ಗಾಜಿನ ಮೇಲೆ ಶುದ್ಧ ನೀರು ಹಾಕಿ ಸೊನ್ನೆ ತೋರಿಸುತ್ತದೆಯೇ ನೋಡಿ, ಒರೆಸಿ. ಗಳದ ಬುಡದ ಗಣ್ಣುಗಳ ನಡುವೆ ತೂತು ಮಾಡಿ, ರಸದ ಎರಡು ಹನಿ ಹಾಕಿ ಮುಚ್ಚಳ ಮುಚ್ಚಿ. ಬೆಳಕಿನ ಕಡೆ ಹಿಡಿದು, ನೀಲಿ-ಬಿಳಿ ಸೇರುವ ಗೆರೆ ಓದಿ. ತುದಿಯ ರಸವನ್ನೂ ಹೀಗೆಯೇ ಅಳೆಯಿರಿ.

ತುದಿಯ ಅಂಕಿಯನ್ನು ಬುಡದ ಅಂಕಿಯಿಂದ ಭಾಗಿಸಿ. ಉತ್ತರ 1ರ ಹತ್ತಿರ ಬಂದು, ಬ್ರಿಕ್ಸ್ 18 ದಾಟಿದ್ದರೆ ಕಡಿಯಬಹುದು. 1ಕ್ಕಿಂತ ಬಹಳ ಕಡಿಮೆಯಿದ್ದರೆ ಇನ್ನೂ ಎಳಸು, ಹತ್ತು ದಿನ ಬಿಟ್ಟು ಮತ್ತೆ ನೋಡಿ. 1 ದಾಟಿದರೆ ಸಿಹಿ ಇಳಿಯಲು ಶುರುವಾಗಿದೆ ಎಂದರ್ಥ. ಕಡಿದ ಕಬ್ಬು 24 ಗಂಟೆಯೊಳಗೆ ಗಾಣಕ್ಕೋ ಕಾರ್ಖಾನೆಗೋ ಹೋಗಲಿ.